ಅರವತ್ತು ಹಲ್ಲಿನ ಚಕ್ರ

ಬೇರೆಯವರ ಮನೆಯೊಳಗಿನ ಮಾತು ಹೇಳಲು ಹೊರಟಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪಕ್ಕದ ಮನೆಯ ಕಂಪೌಂಡರ್ ಹೆಂಡತಿಯ ಕೆನ್ನೆಗೆ ಫಟಾರನೆ ಬಾರಿಸಿದ. ಆರು ತಿಂಗಳಿಂದ ರಜೆಯ ದಿನಗಳಲ್ಲಿ ಅವನು ಕೂತು ಮಾಡಿದ ಮರದ ಗಡಿಯಾರ ಮತ್ತೆ ನಿಂತಿತ್ತು. “ಚಕ್ರದ ಹಲ್ಲು ಎಣಿಸಿ ಗುರುತು ಹಾಕಿದ್ದು ನೀನೇ ತಾನೆ? ಅರವತ್ತು ಎಣಿಸೋಕೂ ಬರಲ್ವೇನೇ ದರಿದ್ರದವಳೇ?”

ಎರಡನೆಯ ಏಟಿಗೆ ಅವನು ಬಲಗೈ ಎತ್ತಿದಾಗ, ಎಡಗೈ ಮರ ಬಿಗಿಯುವ ವೈಸಿನ ತೆರೆದ ಬಾಯೊಳಗೆ ಊರಿತ್ತು. ಅವಳು ಹಿಡಿಯನ್ನು ಗರ್ರನೆ ತಿರುಗಿಸಿದಳು. ಬೆರಳುಗಳು ಸಿಕ್ಕಿಕೊಂಡವು. ಅವನು ಚೀರಿದ.

“ಹೊಡೀರಿ. ಒಂದೇಟಿಗೆ ಇನ್ನೊಂದು ಸುತ್ತು ಬಿಗೀತೀನಿ. ಇಲ್ಲಾಂದ್ರೆ ಆ ಚಕ್ರ ತಗೊಂಡು ನೀವೇ ಎಣಿಸಿ. ಜೋರಾಗಿ, ನಂಗೂ ಕೇಳ್ಲಿ.”

ಪೆನ್ಸಿಲ್ ಗುರುತಿನಿಂದ ಶುರುಮಾಡಿ, ಒಂದೊಂದೇ ಹಲ್ಲನ್ನು ಹೆಬ್ಬೆರಳಲ್ಲಿ ಮುಟ್ಟುತ್ತ ಅವನು ಎಣಿಸಿದ. ನಲವತ್ತು ದಾಟುವಾಗ ವೈಸಿನಲ್ಲಿ ಸಿಕ್ಕಿದ್ದ ಬೆರಳಿನ ಉಗುರಿನಿಂದ ರಕ್ತ ಮರದ ಪುಡಿಯ ಮೇಲೆ ತೊಟ್ಟಿಕ್ಕಿತು. “ಅರವತ್ತು. ಸರಿಯಾಗೇ ಇದೆ ಕಣೇ!”

“ಹಾಗಾದ್ರೆ ಗಡಿಯಾರ ನಿಲ್ಲೋ ಹಾಗೆ ನಡುವಿನ ತೂತು ವಾರೆಯಾಗಿ ಕೊರೆದಿದ್ದು ಯಾರು?”

“ನಾನೇ. ಬಿಡೇ, ದಮ್ಮಯ್ಯ ಅಂತೀನಿ!”

ಅವಳು ಹಿಡಿ ಸಡಿಲಿಸಿದಳು. ಎಣಿಕೆ ಐವತ್ತೊಂಬತ್ತಕ್ಕೇ ಮುಗಿದಿದ್ದರೆ ಏನು ಮಾಡುತ್ತಿದ್ದಳೋ, ನನಗೆ ಗೊತ್ತಿಲ್ಲ.