ಓಣಿಯವರೆಲ್ಲ ಆಣೆ ಮಾಡಿದ್ದರು

ಪಂಚಾಯಿತಿ ಚುನಾವಣೆಗೆ ಎರಡು ದಿನ ಇರುವಾಗ ಓಣಿಯ ಹಿರಿಯ ಬಸಲಿಂಗಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ದಾಕ್ಷಾಯಣಿಯ ಹಿಟ್ಟಿನ ಗಿರಣಿಗೆ ಬಂದ. ಕೈಯಲ್ಲಿ ದೇವರ ಅರಿಶಿನದ ಭಂಡಾರವಿತ್ತು.

"ಇದನ್ನ ಮುಟ್ಟಿ ಆಣಿ ಮಾಡು. ಓಟು ನಮ್ಮ ಧರ್ಮದವಗ."

ಅವರ ಧರ್ಮದವನು ಪಕ್ಕದ ವಾರ್ಡಿನ ಗುತ್ತಿಗೆದಾರ. ಈ ಓಣಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಅವನೆದುರು ನಿಂತವಳು ಆಶಾ ಕಾರ್ಯಕರ್ತೆ ಶಾಹೀನಾ. ಕೊರೊನಾ ಬಂದಾಗ ದಾಕ್ಷಾಯಣಿಯ ಗಂಡನನ್ನು ಆಸ್ಪತ್ರೆಗೆ ಸೇರಿಸಿ ಉಳಿಸಿದವಳು ಅವಳೇ.

"ಶಾಹೀನಾ ಏನು ತಪ್ಪು ಮಾಡ್ಯಾಳ್ರಿ ಕಾಕಾ?"

"ತಪ್ಪಿನ ಮಾತಲ್ಲವ್ವ, ಧರ್ಮದ ಮಾತು. ಓಣಿಯವರೆಲ್ಲ ಆಣಿ ಮಾಡ್ಯಾರ. ಒಂದು ಓಟು ಕಮ್ಮಿ ಬಿದ್ರೂ ಅದು ನಿಂದೇ ಅಂತ ಗೊತ್ತಾಗ್ತದ. ಆಮ್ಯಾಲ ಈ ಗಿರಣಿಗೆ ಯಾರು ಜೋಳ ತರ್ತಾರ ನೋಡೂಣು."

ದಾಕ್ಷಾಯಣಿ ಭಂಡಾರ ಮುಟ್ಟಿದಳು.

ಮತದಾನದ ದಿನ ಸಾಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮರೆಯ ಹಿಂದೆ ಒಬ್ಬಳೇ ಇದ್ದರೂ ದಾಕ್ಷಾಯಣಿಗೆ ಬಸಲಿಂಗಪ್ಪ ಬೆನ್ನಿಗೇ ನಿಂತಿದ್ದಾನೆ ಅನ್ನಿಸಿತು. ಮುದ್ರೆ ಹಿಡಿದ ಕೈ ಶಾಹೀನಾಳ ಹೆಸರಿನ ತನಕ ಹೋಗಿ ಹಿಂದೆ ಬಂತು. ಕೊನೆಗೆ ಗುತ್ತಿಗೆದಾರನಿಗೇ ಒತ್ತಿ ಬಂದಳು.

ಎಣಿಕೆಯ ದಿನ ಮಧ್ಯಾಹ್ನ ತಾಲೂಕಿನಿಂದ ಬಂದ ಬಸಲಿಂಗಪ್ಪ ಗಿರಣಿಯ ಕಟ್ಟೆಯ ಮೇಲೆ ಕುಸಿದು ಕೂತ.

"ಶಾಹೀನಾಗ ಮುನ್ನೂರ ಹನ್ನೊಂದು," ಅಂದ.

ದಾಕ್ಷಾಯಣಿ ಗಿರಣಿ ನಿಲ್ಲಿಸಿ ಹೊರಗೆ ಬಂದಳು. "ದೇವರಾಣಿ ಕಾಕಾ, ನಾ ನಮ್ಮವಗೇ ಹಾಕೇನಿ. ಅವಗೆಷ್ಟು ಬಿದ್ದಾವ?"

ಬಸಲಿಂಗಪ್ಪ ಅವಳ ಮುಖ ನೋಡದೆ ಹೇಳಿದ:

"ಒಂದೇ ಒಂದು."