ಪೂಜೆಗಿಟ್ಟ ಇಟಲಿ ಬಂದೂಕು

ಅಗಸೆ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನ್ನ ದವಡೆ ಬಿಗಿಯುತ್ತದೆ.

ವೈಟುಕೆ, ಅಂದರೆ ಕಂಪ್ಯೂಟರುಗಳನ್ನು ೨೦೦೦ನೇ ಇಸವಿಗೆ ಸಜ್ಜುಗೊಳಿಸುವ ಕೆಲಸದ ನಡುವೆಯೂ ಅಪ್ಪ ಪರದೇಶದ ವುಡ್‌ಬ್ರಿಡ್ಜ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಇಟಲಿ ಸೈನ್ಯದ ಹಳೆಯ ಬಂದೂಕೊಂದನ್ನು ದುರಸ್ತಿ ಮಾಡುತ್ತಿದ್ದರು. ಅದರ ಒರಟು ಮರಕ್ಕೆ ಬೇಸಿಗೆ ರಜೆಯಿಡೀ ಅಗಸೆ ಎಣ್ಣೆ ತಿಕ್ಕಿ ಹೊಳಪು ತಂದವಳು ನಾನು.

ಆಯುಧ ಪೂಜೆಯ ಮಧ್ಯಾಹ್ನ ಅಮ್ಮ ನನ್ನನ್ನು ಗ್ಯಾರೇಜಿನ ಬಾಗಿಲಲ್ಲೇ ತಡೆದಳು. "ಮುಟ್ಟಾಗಿದ್ದೀಯ. ಇವತ್ತು ಅದರ ಹತ್ತಿರ ಹೋಗಬೇಡ."

"ಬಟ್ ಐ ಡಿಡ್ ಆಲ್ ದ ವುಡ್, ಅಮ್ಮಾ!"

"ಮೆತ್ತಗೆ ಮಾತಾಡು. ಜನ ಇದ್ದಾರೆ."

ಒಳಗೆ ಪಕ್ಕದ ಮನೆಯ ಅಂಕಲ್ ಕುಂಕುಮ ಹಚ್ಚಿದ ಬಂದೂಕನ್ನು ಸವರಿ, "ಏನ್ ಫಿನಿಶ್ ರೀ! ಯಾರ ಕೈಕೆಲಸ?" ಎಂದರು.

ಅಪ್ಪ ನನ್ನತ್ತ ನೋಡದೆ, "ನಂದೇ" ಎಂದು ನಕ್ಕರು.

ನಾನು ಅಮ್ಮನ ಕೈ ಸರಿಸಿ ಒಳಗೆ ಹೋದೆ. ಹೂವಿನ ಸಮೇತ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಅಮ್ಮ ಚೀರಿದಳು. ನಾನು ಕೆಳಗಿಡಲಿಲ್ಲ.