ಬ್ರೇಕಿಲ್ಲದ ಹಲಗೆ

ಹೆಂಡತಿಯ ಹಲಗೆಯ ಹಾಯಿಗೆ ಗಾಳಿ ತುಂಬಿದ್ದೇ ತಡ, ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಬಲಗಾಲು ತಾನಾಗಿಯೇ ಅವರು ನಿಂತಿದ್ದ ಹಲಗೆಯನ್ನು ಒತ್ತಿತು. ಹಲಗೆ ವಾಲಿತು. ಮೇಷ್ಟ್ರು ಮತ್ತೊಮ್ಮೆ ಕಡಲಿಗೆ ಬಿದ್ದು ಉಪ್ಪುನೀರು ಕುಡಿದರು.

“ಯಾಕೆ ಸಾರ್, ಪದೇ ಪದೇ ಅಲ್ಲೇ ಕಾಲು ಒತ್ತುತ್ತೀರಿ?” ಎಂದಳು, ದ್ವೀಪಕ್ಕೆ ಬಂದ ಪ್ರವಾಸದ ತಂಡಕ್ಕೆ ಹಾಯಿಹಲಗೆಯ ಮೇಲೆ ನಿಂತು ತೇಲುವ ವಿಂಡ್‌ಸರ್ಫಿಂಗ್ ಕಲಿಸುತ್ತಿದ್ದ ಹುಡುಗಿ.

“ಬ್ರೇಕು...” ಎಂದವರು ನಾಲಿಗೆ ಕಚ್ಚಿಕೊಂಡರು.

ಊರಿಗೆಲ್ಲ ಕಾರು ಕಲಿಸಿದವರಿಗೆ ಹೆಂಡತಿಗೆ ಮಾತ್ರ ಕಲಿಸಲು ಆಗಿರಲಿಲ್ಲ. ಅವಳು ಎರಡನೇ ಗೇರಿಗೆ ಬರುವಷ್ಟರಲ್ಲಿ, ಪಕ್ಕದಲ್ಲಿ ಕೂತ ಇವರ ಕಾಲು ಮೇಷ್ಟ್ರ ಸೀಟಿನ ಬ್ರೇಕನ್ನು ಒತ್ತಿಬಿಟ್ಟಿರುತ್ತಿತ್ತು.

“ಮೇಡಂ ಆಗಲೇ ದೂರದಲ್ಲಿ ಕಾವಲಿಗೆ ನಿಂತಿರೋ ನಮ್ಮ ಬೋಟಿನ ಹತ್ತಿರ ಹೋಗ್ಬಿಟ್ರು. ವಾಪಸ್ ಕರೀಲಾ?” ಹುಡುಗಿ ವಿಷಲ್ ಬಾಯಿಗಿಟ್ಟಳು.

ಮೇಷ್ಟ್ರು ಹಲಗೆಯನ್ನು ತಬ್ಬಿಕೊಂಡು, ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟರು.

“ಸ್ವಲ್ಪ ತಾಳಮ್ಮ. ಎಲ್ಲೀವರೆಗೆ ಹೋಗ್ತಾಳೋ ನೋಡೋಣ.”